ನಿಮಗಿದು ಗೊತ್ತೇ? ಹೆಸರಿಗೆ .38, ಅಳೆದರೆ .357

● ರಿವಾಲ್ವರ್ ತೋಟಾಗಳಲ್ಲಿ ಜಗತ್ತಿನಾದ್ಯಂತ ಹೆಸರಾದದ್ದು .38 ಸ್ಪೆಷಲ್. ಅದರ ಗುಂಡಿಗೆ ವರ್ನಿಯರ್ ಹಿಡಿದು ಅಳೆಯಿರಿ, .38 ಇಂಚು ಬರುವುದೇ ಇಲ್ಲ. ಬರುವುದು .357 ಇಂಚು, ಅಂದರೆ ಸುಮಾರು 9.07 ಮಿಲಿಮೀಟರ್. ಹಾಗಾದರೆ 38 ಎಲ್ಲಿಂದ ಬಂತು? ಗುಂಡನ್ನು ಹಿಡಿದಿರುವ ಹಿತ್ತಾಳೆ ಕೊಳವೆಯ ಹೊರಮೈ ಅಳೆದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಹಳೆಯ ಕಾಲದ ತೋಟಾಗಳಲ್ಲಿ ಗುಂಡೂ ಕೊಳವೆಯೂ ಹೊರಗಿನಿಂದ ಒಂದೇ ದಪ್ಪ ಇರುತ್ತಿದ್ದವು. ಗುಂಡಿನ ಹಿಂಭಾಗವನ್ನು ಮಾತ್ರ ಸಣ್ಣಗೆ ಮಾಡಿ ಕೊಳವೆಯೊಳಗೆ ತೂರಿಸುತ್ತಿದ್ದರು. ಮುಂದೆ ಇಡೀ ಗುಂಡನ್ನೇ ಕೊಳವೆಯೊಳಗೆ ಕೂರಿಸುವ ಪದ್ಧತಿ ಬಂತು. ಕೊಳವೆಯ ಗೋಡೆಯಷ್ಟು ಗುಂಡು ತೆಳ್ಳಗಾಯಿತು, ಹೆಸರು ಮಾತ್ರ ಹಳೆಯದೇ ಉಳಿಯಿತು. ಆ ಹಳೇ ವಿನ್ಯಾಸ ಇಂದಿಗೂ ಜೀವಂತ ಇರುವುದು ನಮ್ಮ ಶೂಟಿಂಗ್ ರೇಂಜ್‌ಗಳಲ್ಲಿ ದಿನಾ ಸಿಡಿಯುವ .22 ತೋಟಾದಲ್ಲಿ.

● ಸುಳ್ಳು ಲೆಕ್ಕ ಇದೊಂದೇ ಅಲ್ಲ. .44 ಮ್ಯಾಗ್ನಮ್‌ನ ಗುಂಡು ನಿಜದಲ್ಲಿ .429 ಇಂಚು. .32ರ ರಿವಾಲ್ವರ್ ಗುಂಡು .312. ಬ್ರಿಟಿಷರ ಕಾಲದ .38 ಎಸ್ ಅಂಡ್ ಡಬ್ಲ್ಯು (ಸ್ಮಿತ್ ಅಂಡ್ ವೆಸನ್) .361. ಇವೆಲ್ಲ ಹೆಸರಿಗಿಂತ ಸಣ್ಣವು. ಆದರೆ ವಿಂಚೆಸ್ಟರ್ ಕಂಪನಿ ತಂದ .38-40 ಎಂಬುದರ ಕಥೆ ಉಲ್ಟಾ: ಹೆಸರು 38, ಅಳತೆ .401. ಅಲ್ಲಿಗೆ 38 ಎಂದು ಹೇಳಿಕೊಳ್ಳುವ ಮೂರು ತೋಟಾಗಳ ಗುಂಡು ಮೂರು ಥರ, ಒಂದೂ 38 ಅಲ್ಲ!

● .357 ಮ್ಯಾಗ್ನಮ್ ಬಂದದ್ದು 1930ರ ದಶಕದ ಮಧ್ಯದಲ್ಲಿ, .38 ಸ್ಪೆಷಲ್‌ನ ಕೊಳವೆಯನ್ನೇ ಒಂದಿಷ್ಟು ಉದ್ದ ಮಾಡಿ. ಎಷ್ಟು ಉದ್ದ? ಇಂಚಿನ ಎಂಟನೇ ಒಂದು ಪಾಲಿಗಿಂತ ಕೊಂಚ ಹೆಚ್ಚು. ಹೆಚ್ಚು ಮದ್ದು ತುಂಬಲಿಕ್ಕೆ ಉದ್ದ ಮಾಡಿರಬೇಕು ಅಂದುಕೊಳ್ಳುವವರೇ ಹೆಚ್ಚು. ಅಸಲು ಕಾರಣ ಸುರಕ್ಷತೆ. .38 ಸ್ಪೆಷಲ್‌ಗೆ ಅಮೆರಿಕದ ಉದ್ಯಮ ಒಪ್ಪಿಕೊಂಡಿರುವ ಗರಿಷ್ಠ ಒತ್ತಡ ಚದರ ಇಂಚಿಗೆ 17,000 ಪೌಂಡ್, ಮ್ಯಾಗ್ನಮ್‌ದು 35,000. ಹಳೆಯ, ಬಡಕಲು ರಿವಾಲ್ವರ್‌ನೊಳಗೆ ಈ ಹೊಸ ಉಗ್ರ ತೋಟಾ ಅಪ್ಪಿತಪ್ಪಿಯೂ ಕೂರಬಾರದೆಂದೇ ಉದ್ದ ಹೆಚ್ಚಿಸಿದರು. ಹಾಗಾಗಿ .357ರ ರಿವಾಲ್ವರ್‌ಗೆ .38 ಸ್ಪೆಷಲ್ ಹಾಕಿ ಹಾರಿಸಬಹುದು, .38ರ ರಿವಾಲ್ವರ್‌ಗೆ .357 ಹಾಕಲಾಗದು. ಅಭ್ಯಾಸಕ್ಕೆಂದು ರೇಂಜಿಗೆ ಬರುವವರು .357 ಕೊಂಡು ಅದರಲ್ಲಿ ಅಗ್ಗದ .38 ಸಿಡಿಸುವುದು ಇದೇ ಲೆಕ್ಕಾಚಾರದಲ್ಲಿ. ಅಂದಹಾಗೆ, 1935ರಲ್ಲಿ ಮೊದಲ .357 ರಿವಾಲ್ವರ್ ಕೈಸೇರಿದ್ದು ಎಫ್‌ಬಿಐ ಮುಖ್ಯಸ್ಥ ಜೆ. ಎಡ್ಗರ್ ಹೂವರ್‌ಗೆ.

● ಆದರೆ ಅಗ್ಗದ ದಾರಿಗೂ ಒಂದು ಕಂದಾಯ ಇದೆ. ಗಿಡ್ಡ ತೋಟಾ ಹಾರಿಸಿ ಹಾರಿಸಿ ಉದ್ದದ ಚೇಂಬರಿನೊಳಗೆ ಮಸಿ, ಸೀಸ ಸೇರಿ ಒಂದು ಬಳೆ ಕಟ್ಟಿಕೊಳ್ಳುತ್ತದೆ. ಆಮೇಲೆ .357 ಹಾಕಲು ಹೋದರೆ ಮುಕ್ಕಾಲು ದಾರಿಗೆ ತಡೆಯುತ್ತದೆ. ಒತ್ತಿ ತುರುಕಬಾರದು. ಕಂಚಿನ ಬ್ರಷ್ ಹಾಕಿ ಉಜ್ಜಬೇಕು.

● ತೋಟಾ ಗುರುತಿಸುವವರು ಗುಂಡಿನ ಮೂತಿ ನೋಡುವುದಿಲ್ಲ, ಮೊದಲು ಬುಡ ಮೇಲೆ ಮಾಡಿ ನೋಡುತ್ತಾರೆ.

ತಳದ ನಟ್ಟನಡುವೆ ಬಟ್ಟಲಿನಂಥ ಪುಟ್ಟ ಕ್ಯಾಪ್ ಕೂತಿದ್ದರೆ ಅದು ಸೆಂಟರ್‌ಫೈರ್. ತಳ ಪೂರ್ತಿ ನುಣ್ಣಗಿದ್ದರೆ ರಿಮ್‌ಫೈರ್. ಸಿಡಿಯುವ ಮಸಾಲೆ ಅಂಚಿನ ಮಡಿಕೆಯೊಳಗೆ ಇರುತ್ತದೆ. ಸಿಡಿದ ಖಾಲಿ ಕೊಳವೆಯಾದರೆ ಇನ್ನೂ ಸುಲಭ: ಪೆಟ್ಟಿನ ಗುರುತು ನಡುವೆ ಇದೆಯೋ ಅಂಚಿನಲ್ಲಿದೆಯೋ ನೋಡಿದರೆ ಸಾಕು. ಎರಡನೆಯದು ಅಂಚು. ರಿವಾಲ್ವರ್ ತೋಟಾದ ತಳ ಕೊಳವೆಗಿಂತ ಅಗಲವಾಗಿ ಹೊರಚಾಚಿರುತ್ತದೆ, ಉಗುರು ಆಡಿಸಿದರೆ ತಡೆಯುತ್ತದೆ. ಪಿಸ್ತೂಲಿನ ತೋಟಾದಲ್ಲಿ ಸಾಮಾನ್ಯವಾಗಿ ಅಂಚು ಹೊರಚಾಚುವುದಿಲ್ಲ, ಬದಲಿಗೆ ತಳದ ಮೇಲೆ ಸುತ್ತಲೂ ಒಂದು ಕಾಲುವೆ ಕೊರೆದಿರುತ್ತದೆ. ಮೂರನೆಯದು ಕ್ಯಾಪಿನ ಸುತ್ತ ಒತ್ತಿರುವ ಅಕ್ಷರಗಳು: ತಯಾರಕರ ಗುರುತು, ಬೋರ್, ಸೈನ್ಯದ್ದಾದರೆ ವರ್ಷ. ನಮ್ಮಲ್ಲಿ ಸಿಗುವ ಹಳೆಯ ತೋಟಾಗಳ ತಳದಲ್ಲಿ ‘ಕೆ ಎಫ್’ ಎಂದಿದ್ದರೆ ಅದು ಪುಣೆಯ ಖಡ್ಕಿ ಕಾರ್ಖಾನೆಯದು. 1869ರಲ್ಲಿ ಶುರುವಾದ ಈ ಕಾರ್ಖಾನೆಯನ್ನು ಬ್ರಿಟಿಷರು ‘ಕಿರ್ಕಿ’ ಎನ್ನುತ್ತಿದ್ದರಿಂದ ‘ಕೆ’ ಉಳಿದುಕೊಂಡಿತು. ಬೋರ್‌ನ ಪಕ್ಕ ‘+ಪಿ’ ಎಂದಿದ್ದರೆ ಮಾಮೂಲಿಗಿಂತ ಹೆಚ್ಚು ಒತ್ತಡದ ಮಾಲು, ಹಳೇ ರಿವಾಲ್ವರ್‌ಗೆ ಹಾಕುವಂತಿಲ್ಲ.

ಅಕ್ಷರ ಸವೆದು ಹೋಗಿದ್ದರೆ ಉದ್ದ ಅಳೆಯಬೇಕು. ಗುಂಡು ಬಿಟ್ಟು ಕೊಳವೆ ಮಾತ್ರ. ಸುಮಾರು 19.7 ಮಿ.ಮೀ. ಬಂದರೆ .38 ಎಸ್ ಅಂಡ್ ಡಬ್ಲ್ಯು, 29.3 ಬಂದರೆ .38 ಸ್ಪೆಷಲ್, 33ರ ಹತ್ತಿರ ಬಂದರೆ .357 ಮ್ಯಾಗ್ನಮ್. ಬಾಯಿಯ ಅಗಲ ನೋಡಿ ಇವುಗಳಲ್ಲಿ ಭೇದ ಹೇಳಲು ಹೋದವರು ಕೆಡುವುದೇ ಹೆಚ್ಚು.

● ನಮ್ಮ ದೇಶದಲ್ಲಿ ಗೊಂದಲದ ರಾಜ .32. ಜನಸಾಮಾನ್ಯರಿಗೆ ಪರವಾನಗಿ ಮೇಲೆ ಸಿಗುವ ರಿವಾಲ್ವರೂ .32, ಪಿಸ್ತೂಲೂ .32. ಎರಡಕ್ಕೂ ಮಿಲಿಮೀಟರ್ ಲೆಕ್ಕದಲ್ಲಿ 7.65 ಎಂದೇ ಬರೆಯುತ್ತಾರೆ. ಆದರೆ ರಿವಾಲ್ವರ್‌ದು ಎಸ್ ಅಂಡ್ ಡಬ್ಲ್ಯು ಲಾಂಗ್, ಕೊಳವೆಯ ಉದ್ದ 23 ಮಿ.ಮೀ.; 1896ರ ತಳಿ. ಪಿಸ್ತೂಲಿನದು ಜಾನ್ ಬ್ರೌನಿಂಗ್ 1899ರಲ್ಲಿ ರೂಪಿಸಿದ್ದು, ಉದ್ದ 17 ಮಿ.ಮೀ. ಗುಂಡಿನ ದಪ್ಪ ಹೆಚ್ಚುಕಡಿಮೆ ಒಂದೇ, ಒತ್ತಡ ಬೇರೆ ಬೇರೆ. ಒಂದರದ್ದನ್ನು ಇನ್ನೊಂದಕ್ಕೆ ಹಾಕುವಂತಿಲ್ಲ, ಎಲ್ಲೋ ಹೋಗಿ ಕೂತಿತೆಂದರೂ ಹಾರಿಸುವಂತಿಲ್ಲ. ಅಂಗಡಿಯಲ್ಲಿ ‘.32 ಕೊಡಿ’ ಎಂದರೆ ಅರ್ಧ ಮಾತು ಮಾತ್ರ ಹೇಳಿದಂತೆ.

ಈ .32 ವಂಶವೂ ದೊಡ್ಡದು. 1878ರ ಗಿಡ್ಡ .32 ಎಸ್ ಅಂಡ್ ಡಬ್ಲ್ಯು, ಆಮೇಲೆ ಲಾಂಗ್, 1984ರಲ್ಲಿ .32 ಎಚ್ ಅಂಡ್ ಆರ್ ಮ್ಯಾಗ್ನಮ್, ಕೊನೆಗೆ .327 ಫೆಡರಲ್ ಮ್ಯಾಗ್ನಮ್. ಪ್ರತಿ ಪೀಳಿಗೆಯಲ್ಲೂ ಕೊಳವೆ ಒಂದಷ್ಟು ಉದ್ದವಾಗಿದೆ ಅಷ್ಟೆ. ಕೊನೆಯದಕ್ಕೆ ಮಾಡಿದ ರಿವಾಲ್ವರ್‌ನಲ್ಲಿ ಹಿಂದಿನ ಮೂರನ್ನೂ ಹಾರಿಸಬಹುದು.

● 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಮಹಿಳೆಯರ ಆತ್ಮರಕ್ಷಣೆಗೆಂದು ‘ನಿರ್ಭೀಕ್’ ಎಂಬ .32 ರಿವಾಲ್ವರ್ ಹೊರತಂದಿತು. ತೂಕ ಅರ್ಧ ಕಿಲೋ, ಬೆಲೆ 1.22 ಲಕ್ಷ ರೂಪಾಯಿ. ಆ ಬೆಲೆಗೆ, ಆ ಪರವಾನಗಿಯ ಕಚೇರಿ ಅಲೆದಾಟಕ್ಕೆ ಎಷ್ಟು ಹೆಣ್ಣುಮಕ್ಕಳು ತಯಾರಿದ್ದಾರು ಎಂಬ ಪ್ರಶ್ನೆ ಅಂದೇ ಎದ್ದಿತ್ತು. ನ್ಯಾಯವಾದ ಪ್ರಶ್ನೆಯೇ.

● ಭಾರತದಲ್ಲಿ .38 ‘ನಿಷೇಧಿತ ಬೋರ್’. ಪೊಲೀಸರ ಸೊಂಟದಲ್ಲಿದ್ದದ್ದು ಅದೇ ಎಂಬ ಕಾರಣಕ್ಕೆ ಮಾಮೂಲಿ ಪರವಾನಗಿಗೆ ಸಿಗುವುದಿಲ್ಲ. ಆದರೆ ನಮ್ಮ ಹಳೆಯ ಸರ್ವಿಸ್ ರಿವಾಲ್ವರ್‌ನ .38ಕ್ಕೂ ಹಾಲಿವುಡ್ ಪತ್ತೇದಾರನ .38 ಸ್ಪೆಷಲ್‌ಗೂ ಹೆಸರಿನ ನಂಟು ಬಿಟ್ಟರೆ ಇನ್ನೇನಿಲ್ಲ. ನಮ್ಮದು ಬ್ರಿಟಿಷರು ಬಿಟ್ಟುಹೋದ ಗಿಡ್ಡ, ದಪ್ಪ ತೋಟಾ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಇದೇ ಬೋರ್‌ನ ‘ವಿಕ್ಟರಿ’ ರಿವಾಲ್ವರ್‌ಗಳನ್ನು ಬ್ರಿಟನ್ನಿಗೆ ರಾಶಿರಾಶಿ ಕಳಿಸಿತ್ತು. ಯುದ್ಧ ಮುಗಿದ ಮೇಲೆ ವ್ಯಾಪಾರಿಗಳು ಅವುಗಳ ಚೇಂಬರನ್ನು ಒಳಗೆ ಕೊರೆದು ಉದ್ದ ಮಾಡಿ, .38 ಸ್ಪೆಷಲ್ ಎಂದು ಮಾರಿದರು. ಉದ್ದವೇನೋ ಸರಿಹೋಯಿತು, ಹಿಂಭಾಗದ ಅಗಲವನ್ನು ಕಡಿಮೆ ಮಾಡಲಾದೀತೇ? ಹಾಗಾಗಿ ಆ ರಿವಾಲ್ವರ್‌ನಿಂದ ಹೊರಬಂದ ಕೊಳವೆಯ ಹೊಟ್ಟೆ ಉಬ್ಬಿರುತ್ತದೆ, ಕೆಲವು ಉದ್ದಕ್ಕೂ ಸೀಳಿರುತ್ತವೆ. ಖಾಲಿ ಕೊಳವೆ ನೋಡಿಯೇ ರಿವಾಲ್ವರ್‌ನ ಪೂರ್ವಾಪರ ಹೇಳುವ ಪರಿಣತರಿದ್ದಾರೆ.

● ಪ್ರತಿಸ್ಪರ್ಧಿ ಸ್ಮಿತ್ ಅಂಡ್ ವೆಸನ್‌ನ ಹೆಸರನ್ನು ತನ್ನ ಬಂದೂಕಿನ ಮೇಲೆ ಕೆತ್ತಲು ಕೋಲ್ಟ್ ಕಂಪನಿಗೆ ಮನಸ್ಸಿರಲಿಲ್ಲ. ಗುಂಡಿನ ಮೂತಿಯನ್ನು ಚಪ್ಪಟೆ ಮಾಡಿ, .32 ಎಸ್ ಅಂಡ್ ಡಬ್ಲ್ಯು ಲಾಂಗ್ ತೋಟಾಗೇ ‘ಕೋಲ್ಟ್ ನ್ಯೂ ಪೊಲೀಸ್’ ಎಂದು ನಾಮಕರಣ ಮಾಡಿತು. ನಿಮ್ಮ ಅಜ್ಜನ ರಿವಾಲ್ವರ್ ಮೇಲೆ ಆ ಹೆಸರು ಕಂಡರೆ ಗಾಬರಿ ಬೇಡ, ತೋಟಾ ಅದೇ.

● ಕೋಲ್ಟ್‌ನ ಸಿಲಿಂಡರ್ ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗುತ್ತದೆ. ಸ್ಮಿತ್ ಅಂಡ್ ವೆಸನ್‌ದು ಎಡಕ್ಕೆ.

● ರಿವಾಲ್ವರ್ ತೋಟಾಗೆ ಆ ಹೊರಚಾಚಿದ ಅಂಚು ಯಾಕೆ ಬೇಕು? ತೋಟಾ ಸಿಲಿಂಡರಿನೊಳಗೆ ಜಾರಿ ಮುಳುಗದಂತೆ ತಡೆಯುವುದು ಅದೇ, ಖಾಲಿಯಾದ ಮೇಲೆ ಹಿಂದಕ್ಕೆ ನೂಕಿಸಿಕೊಳ್ಳುವುದೂ ಅದೇ. ಒಂದನೇ ಮಹಾಯುದ್ಧದಲ್ಲಿ ಅಮೆರಿಕಕ್ಕೆ ಪಿಸ್ತೂಲು ಸಾಲದೆ ಬಂದು, ಪಿಸ್ತೂಲಿನ .45 ತೋಟಾವನ್ನೇ ರಿವಾಲ್ವರ್‌ಗೆ ಹಾಕಬೇಕಾಯಿತು. ಅದಕ್ಕೆ ಅಂಚಿಲ್ಲ. ಆಗ ಹುಟ್ಟಿದ್ದು ಮೂರು ತೋಟಾ ಕಚ್ಚಿ ಹಿಡಿಯುವ ಅರ್ಧಚಂದ್ರಾಕಾರದ ತೆಳು ಉಕ್ಕಿನ ತಗಡು. ಅಂದು ಅನಿವಾರ್ಯಕ್ಕೆ ಬಂದದ್ದು ಇಂದು ಸ್ಪರ್ಧಿಗಳ ನೆಚ್ಚಿನ ಉಪಾಯ. ಪೂರ್ಣಚಂದ್ರ ತಗಡಿನಲ್ಲಿ ಆರೂ ತೋಟಾಗಳನ್ನು ಒಂದೇ ಸಲಕ್ಕೆ ಹಾಕಬಹುದು, ಒಂದೇ ಸಲಕ್ಕೆ ತೆಗೆಯಬಹುದು. 1999ರಲ್ಲಿ ಅಮೆರಿಕದ ಜೆರ್ರಿ ಮಿಕುಲೆಕ್ ಆರು ಗುಂಡು ಹಾರಿಸಿ, ಮತ್ತೆ ತುಂಬಿ, ಮತ್ತಾರು ಹಾರಿಸಿದ್ದು 2.99 ಸೆಕೆಂಡಿನಲ್ಲಿ. ಈ ವಾಕ್ಯ ಓದುವಷ್ಟರಲ್ಲಿ ಅವರ ಕೆಲಸ ಮುಗಿದು ಖಾಲಿ ಕೊಳವೆ ನೆಲಕ್ಕೆ ಬಿದ್ದಿರುತ್ತಿತ್ತು. ಅವರಿಗೂ ಮೊದಲು, 1932ರಲ್ಲಿ, ಎಡ್ ಮೆಕ್‌ಗಿವರ್ನ್ ಎಂಬಾತ ಐದು ಗುಂಡುಗಳನ್ನು 0.45 ಸೆಕೆಂಡಿನಲ್ಲಿ ಹಾರಿಸಿದ್ದರು. ಐದೂ ತೂತುಗಳನ್ನು ಒಂದು ಬೆಳ್ಳಿಯ ಅರ್ಧ ಡಾಲರ್ ನಾಣ್ಯ ಮುಚ್ಚುತ್ತಿತ್ತು. ಆಗ ಅವರಿಗೆ ಐವತ್ತೈದು ದಾಟಿತ್ತು.

● ಸಿಲಿಂಡರಿನಲ್ಲಿ ಈ ತುದಿಯಿಂದ ಆ ತುದಿಗೆ ತೂತು ಕೊರೆದು, ಹಿಂದಿನಿಂದ ತೋಟಾ ತುಂಬುವ ಉಪಾಯಕ್ಕೆ 1855ರಲ್ಲಿ ಪೇಟೆಂಟ್ ಪಡೆದವನು ರೋಲಿನ್ ವೈಟ್. ಕೇಳಿದರೆ ಇದೇನು ಮಹಾ ಎನ್ನಿಸುತ್ತದೆ. ಆದರೆ ಅದಿಲ್ಲದೆ ಇಂದಿನ ರಿವಾಲ್ವರೇ ಇಲ್ಲ. ಸ್ಮಿತ್ ಅಂಡ್ ವೆಸನ್ ಅವನಿಂದ ಹಕ್ಕು ಪಡೆದು 1857ರಲ್ಲಿ .22ರ ಪುಟ್ಟ ರಿವಾಲ್ವರ್ ಮಾರುಕಟ್ಟೆಗೆ ತಂದಿತು. ಒಂದೊಂದು ರಿವಾಲ್ವರ್‌ಗೂ ವೈಟ್‌ಗೆ 25 ಸೆಂಟ್ ಗೌರವಧನ. ಕರಾರಿನಲ್ಲಿ ಒಂದು ಕೊಕ್ಕೆಯಿತ್ತು: ಪೇಟೆಂಟ್ ಕದ್ದವರ ಮೇಲೆ ಕೇಸು ಹಾಕಿ ನಡೆಸುವ ಖರ್ಚೆಲ್ಲ ವೈಟ್‌ದೇ. ಬಂದ ದುಡ್ಡು ವಕೀಲರ ಪಾಲಾಯಿತು. ಪೇಟೆಂಟ್ ಅವಧಿ 1869ಕ್ಕೆ ಮುಗಿದಾಗ ಅದನ್ನು ಮುಂದುವರಿಸಲು ಅವನ ಪರವಾಗಿ ಅಮೆರಿಕದ ಸಂಸತ್ತು ಒಪ್ಪಿದರೂ, ಅಧ್ಯಕ್ಷ ಯುಲಿಸಿಸ್ ಗ್ರ್ಯಾಂಟ್ ವೀಟೊ ಹಾಕಿಬಿಟ್ಟರು. ಆ 1857ರ .22 ಶಾರ್ಟ್ ತೋಟಾ ಮಾತ್ರ ಇಂದಿಗೂ ತಯಾರಾಗುತ್ತಿದೆ.

● ಅದಕ್ಕೂ ಹಿಂದೆ, 1845ರ ಸುಮಾರಿಗೆ, ಫ್ರಾನ್ಸಿನ ಲೂಯಿ ಫ್ಲೋಬೆರ್ ಸಿಡಿಯುವ ಕ್ಯಾಪಿನ ಮೂತಿಗೇ ಒಂದು ಪುಟ್ಟ ಗುಂಡು ಕೂರಿಸಿದ. ಬೇರೆ ಮದ್ದೇ ಇಲ್ಲ. ಶ್ರೀಮಂತರು ಊಟ ಮುಗಿಸಿ ಮನೆಯ ಪಡಸಾಲೆಯಲ್ಲೇ ಗುರಿ ಹೊಡೆದು ಕಾಲ ಕಳೆಯುತ್ತಿದ್ದರು. ಮೋಜಿನ ಶೂಟಿಂಗ್‌ನ ಬೇರು ಅಲ್ಲಿದೆ.

● ಕೊಳವೆಯ ಪಕ್ಕದಲ್ಲಿ ಮೊಳೆಯಂತೆ ಒಂದು ಕಡ್ಡಿ ಹೊರಚಾಚಿದ್ದರೆ ಅದು ಪಿನ್‌ಫೈರ್, ಫ್ರಾನ್ಸಿನ ಲಫೋಷೋ ಮನೆತನದ ಕೊಡುಗೆ. ಇದಕ್ಕೂ ಕಲಾಲೋಕಕ್ಕೂ ವಿಚಿತ್ರ ನಂಟು. 1873ರಲ್ಲಿ ಬ್ರಸೆಲ್ಸ್‌ನಲ್ಲಿ ಕವಿ ವರ್ಲೇನ್ ಇನ್ನೊಬ್ಬ ಕವಿ ರೇಂಬೋಗೆ ಗುಂಡು ಹೊಡೆದದ್ದು 7 ಮಿ.ಮೀ. ಲಫೋಷೋ ರಿವಾಲ್ವರ್‌ನಿಂದ, ಅದು 2016ರ ಹರಾಜಿನಲ್ಲಿ 4,34,500 ಯೂರೊಗೆ ಹೋಯಿತು. ವ್ಯಾನ್ ಗೋ ತನಗೆ ತಾನೇ ಹೊಡೆದುಕೊಂಡದ್ದೆಂದು ನಂಬಲಾದ, ಹೊಲದಲ್ಲಿ ತುಕ್ಕು ಹಿಡಿದು ಸಿಕ್ಕ ರಿವಾಲ್ವರ್ ಕೂಡ 7 ಮಿ.ಮೀ.ದೇ. 2019ರಲ್ಲಿ ಪ್ಯಾರಿಸ್ಸಿನಲ್ಲಿ ಅದಕ್ಕೆ ಬಿದ್ದ ಬೆಲೆ 1,62,500 ಯೂರೊ.

● ಸ್ಯಾಮ್ಯುಯೆಲ್ ಕೋಲ್ಟ್‌ಗೆ ತಿರುಗುವ ಸಿಲಿಂಡರಿನ ಯೋಚನೆ ಹೊಳೆದದ್ದು ಕಲ್ಕತ್ತಾ ದಾರಿಯಲ್ಲಂತೆ. 1830ರಲ್ಲಿ ‘ಕೊರ್ವೊ’ ಎಂಬ ಹಡಗಿನಲ್ಲಿ ಹುಡುಗ ನಾವಿಕನಾಗಿ ಹೊರಟಿದ್ದ. ಹಡಗಿನ ಚಕ್ರ ತಿರುಗಿ ತಿರುಗಿ ಒಂದೊಂದು ಕಡೆ ನಿಲ್ಲುವುದನ್ನು ಕಂಡು, ಅಲ್ಲೇ ಮರದಲ್ಲಿ ಮಾದರಿ ಕೆತ್ತಿದ ಎಂಬುದು ಅವನೇ ಹಬ್ಬಿಸಿದ ಕಥೆ. ಕಥೆಯಲ್ಲಿ ಎಷ್ಟು ನಿಜ, ಎಷ್ಟು ಜಾಹೀರಾತು ಎಂದು ಕೇಳಬೇಡಿ. ಕೋಲ್ಟ್ ಎರಡರಲ್ಲೂ ನಿಪುಣ. ಅವನಿಗಿಂತ ಮೊದಲೇ, 1818ರಲ್ಲಿ, ಬಾಸ್ಟನ್ನಿನ ಎಲೀಶಾ ಕಾಲಿಯರ್ ಚಕಮಕಿ ಕಲ್ಲಿನ ರಿವಾಲ್ವರ್‌ಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದಾಗಿತ್ತು.

● ಮೂತಿಯೇ ಇಲ್ಲದ ತೋಟಾ ನೋಡಿದ್ದೀರಾ? ಗುರಿಕಾರರ ‘ವಾಡ್‌ಕಟರ್’ ಹಾಗಿರುತ್ತದೆ. ಗುಂಡು ಕೊಳವೆಯ ಬಾಯಿಗೆ ಸಮವಾಗಿ, ತಟ್ಟೆಯಂತೆ ಚಪ್ಪಟೆ. ಹೊಸಬರು ಇದನ್ನು ಖಾಲಿ ತೋಟಾ ಎಂದೇ ತಿಳಿದುಬಿಡುತ್ತಾರೆ. ಅದರ ಉದ್ದೇಶ ಒಂದೇ: ಕಾಗದದ ಗುರಿಯಲ್ಲಿ ಅಂಚು ಹರಿಯದ, ದುಂಡಗಿನ ತೂತು ಮಾಡುವುದು. ಚೂಪು ಮೂತಿಯ ಗುಂಡು ಕಾಗದವನ್ನು ಹರಿದುಕೊಂಡು ಹೋಗುತ್ತದೆ, ಅಂಕ ಎಣಿಸುವವರಿಗೆ ತಲೆನೋವು. ತೂತು ಒಳಗಿನ ವೃತ್ತದ ಗೆರೆಯನ್ನು ಮುಟ್ಟಿದರೂ ಸಾಕು, ಹೆಚ್ಚಿನ ಅಂಕ ಕೊಡಬೇಕೆಂಬುದು ನಿಯಮ. ಹಾಗೆ ನೋಡಿದರೆ ದೊಡ್ಡ ತೂತು ಮಾಡುವ .38ಕ್ಕೇ ಲಾಭ. ಅಂತರರಾಷ್ಟ್ರೀಯ ನಿಯಮವೂ 25 ಮೀಟರ್ ಸೆಂಟರ್‌ಫೈರ್ ಸ್ಪರ್ಧೆಯಲ್ಲಿ 7.62ರಿಂದ 9.65 ಮಿ.ಮೀ. ತನಕ ಯಾವುದನ್ನಾದರೂ ಒಪ್ಪುತ್ತದೆ. ಆದರೂ ಬಹುಪಾಲು ಸ್ಪರ್ಧಿಗಳ ಆಯ್ಕೆ .32 ವಾಡ್‌ಕಟರ್. ಅದು ಕೈಗೆ ಒದೆಯುವುದು ಕಡಿಮೆ; ಒದೆತ ಕಡಿಮೆಯಾದರೆ ಮುಂದಿನ ಗುಂಡು ತಪ್ಪುವುದೂ ಕಡಿಮೆ. ಇದೇ ಸೆಂಟರ್‌ಫೈರ್ ಸ್ಪರ್ಧೆಯಲ್ಲಿ ಜಸ್ಪಾಲ್ ರಾಣಾ 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ 590 ಅಂಕ ಗಳಿಸಿ ವಿಶ್ವದಾಖಲೆ ಸರಿಗಟ್ಟಿದ್ದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಕಂಚು ಗೆದ್ದ ಮನು ಭಾಕರ್‌ಗೆ ಗುರುವಾಗಿ ನಿಂತವರೂ ಅವರೇ.

● 10 ಮೀಟರ್ ಏರ್ ಪಿಸ್ತೂಲಿನಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿ.ಮೀ. ಅಂಗಿಯ ಗುಂಡಿಯಷ್ಟು! 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಈ ಗುಂಡಿಗೆ ಗುರಿಯಿಟ್ಟು ಎರಡು ಬೆಳ್ಳಿ ತಂದವರು ಬೆಂಗಳೂರಿನ ಟಿ.ಎಸ್. ದಿವ್ಯಾ. ಹೊಡೆಯುವುದು 4.5 ಮಿ.ಮೀ. ಪೆಲೆಟ್, ತಳ್ಳುವುದು ಬರೀ ಗಾಳಿ.

● ಹಂಗೆರಿಯ ಸೈನಿಕ ಕಾರೊಯ್ ತಕಾಚ್‌ನ ಬಲಗೈ 1938ರಲ್ಲಿ ಗ್ರೆನೇಡ್ ಸಿಡಿದು ಛಿದ್ರವಾಯಿತು. ಆತ ಪಿಸ್ತೂಲು ಹಿಡಿಯುತ್ತಿದ್ದದ್ದೇ ಆ ಕೈಯಲ್ಲಿ. ಯಾರಿಗೂ ಹೇಳದೆ ಎಡಗೈಯಲ್ಲಿ ಅಭ್ಯಾಸ ಶುರುಮಾಡಿದ. 1948ರ ಲಂಡನ್ ಒಲಿಂಪಿಕ್ಸ್‌ಗೆ ಬಂದಾಗ ಅರ್ಜೆಂಟೀನದ ವಿಶ್ವ ಚಾಂಪಿಯನ್ ‘ನೀವಿಲ್ಲಿ?’ ಎಂದು ಅಚ್ಚರಿಪಟ್ಟರೆ, ಕಲಿಯಲು ಬಂದಿದ್ದೇನೆ ಎಂದನಂತೆ. ಕಲಿತದ್ದು ಸಾಕಷ್ಟಾಯಿತು: 25 ಮೀಟರ್ ರ್‍ಯಾಪಿಡ್ ಫೈರ್‌ನಲ್ಲಿ ಅಂದೂ ಚಿನ್ನ, 1952ರಲ್ಲೂ ಚಿನ್ನ. ಈ ಸ್ಪರ್ಧೆಯಲ್ಲಿ ಈಗ ಐದು ಗುರಿಗಳಿಗೆ ಐದು ಗುಂಡು ಹೊಡೆಯಲು ಮೊದಲು 8 ಸೆಕೆಂಡು ಕೊಡುತ್ತಾರೆ, ಆಮೇಲೆ 6, ಕೊನೆಗೆ 4. 2012ರ ಒಲಿಂಪಿಕ್ಸ್‌ನಲ್ಲಿ ಹಿಮಾಚಲದ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದರಲ್ಲೇ.

● 1896ರ ಮೊದಲ ಒಲಿಂಪಿಕ್ಸ್‌ನ ಸೈನಿಕ ಪಿಸ್ತೂಲು ಸ್ಪರ್ಧೆಗೆ ಬಾಸ್ಟನ್ನಿನ ಪೇನ್ ಸೋದರರು ಕೋಲ್ಟ್ ರಿವಾಲ್ವರ್ ತಂದಿದ್ದರು. ಜಾನ್ 442 ಅಂಕ, ಸಮ್ನರ್ 380. ಮೂರನೆಯವರಾದ ಗ್ರೀಸ್‌ನ ಮೊರಾಕಿಸ್ 205. ಮನೆಯೊಳಗೇ ಪದಕ ಹಂಚಿಕೊಂಡ ಮೇಲೆ ಮುಂದಿನ ಸ್ಪರ್ಧೆಯಿಂದ ಜಾನ್ ದೊಡ್ಡಮನಸ್ಸು ಮಾಡಿ ಹಿಂದೆ ಸರಿದ. ಅದರಲ್ಲಿ ಚಿನ್ನ ಸಮ್ನರ್‌ಗೆ.

● ಸಿನಿಮಾದ ಖಳನಾಯಕ ರಿವಾಲ್ವರ್‌ಗೆ ಸೈಲೆನ್ಸರ್ ತಿರುಗಿಸುವುದನ್ನು ನೋಡಿ ನಗಬಹುದು. ಸಿಲಿಂಡರಿಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದಿ ಇದ್ದೇ ಇರುತ್ತದೆ. ಅಲ್ಲಿಂದ ಕೆಂಡದಂಥ ಅನಿಲವೂ ಸದ್ದೂ ಪಕ್ಕಕ್ಕೆ ನುಗ್ಗುತ್ತವೆ. ರೇಂಜ್‌ನಲ್ಲಿ ಪಿಸ್ತೂಲಿನ ಅಭ್ಯಾಸದವರು ರಿವಾಲ್ವರ್ ಹಿಡಿದರೆ ಮೊದಲು ಹೇಳುವ ಮಾತು: ಎಡಗೈ ಹೆಬ್ಬೆರಳು ಸಿಲಿಂಡರಿನ ಮುಂದಕ್ಕೆ ಹೋಗಕೂಡದು. ಈ ಸಂದಿಯ ಮಾತಿಗೊಂದು ಅಪವಾದ, ಬೆಲ್ಜಿಯಂನ ನಗಾನ್ ರೂಪಿಸಿ ರಷ್ಯ 1895ರಲ್ಲಿ ಅಪ್ಪಿಕೊಂಡ ಏಳು ಗುಂಡಿನ ರಿವಾಲ್ವರ್. ಕುದುರೆ ಎಳೆದಾಗ ಅದರ ಸಿಲಿಂಡರ್ ಮುಂದಕ್ಕೆ ಜರುಗಿ ನಳಿಗೆಗೆ ಅಂಟಿಕೊಳ್ಳುತ್ತದೆ, ತೋಟಾದ ಬಾಯಿ ಉಳಿದ ಸಂದಿಯನ್ನು ಮುಚ್ಚುತ್ತದೆ. ಗುಂಡು ಪೂರ್ತಿ ಒಳಗೆ ಹುದುಗಿರುವ ಉದ್ದನೆಯ, ಬಾಯಿ ಕಿರಿದಾದ ತೋಟಾ ಕಂಡರೆ ನಗಾನ್‌ದೇ.

● ಆರು ಗುಂಡಿನ ಹಳೇ ಕೋಲ್ಟ್‌ಗೆ ತಿಳಿದವರು ಐದೇ ತುಂಬುತ್ತಿದ್ದರು. ಸುತ್ತಿಗೆಯ ಮೊನೆ ನೇರವಾಗಿ ಕ್ಯಾಪಿನ ಮೇಲೆ ಕೂರುತ್ತಿದ್ದರಿಂದ, ಕೆಳಗೆ ಬಿದ್ದರೆ ತಾನಾಗಿಯೇ ಸಿಡಿಯುವ ಭಯ. 1973ರಲ್ಲಿ ರೂಗರ್ ಕಂಪನಿ ನಡುವೆ ಒಂದು ಅಡ್ಡಪಟ್ಟಿ ತಂದ ಮೇಲೆ ಆರನೆಯದಕ್ಕೂ ಜಾಗ ಸಿಕ್ಕಿತು.

● ರಿವಾಲ್ವರ್ ತನ್ನ ಖಾಲಿ ಕೊಳವೆಯನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ಪಿಸ್ತೂಲು ಹೊರಗೆ ಉಗುಳುತ್ತದೆ. ತನಿಖೆಗೆ ಇದರಿಂದ ಆಗುವ ವ್ಯತ್ಯಾಸ ಸಣ್ಣದಲ್ಲ. ಪ್ರತಿ ಆಯುಧದ ಮೊನೆ ಕ್ಯಾಪಿನ ಮೇಲೆ ಬಿಡುವ ಪೆಟ್ಟು, ನಳಿಗೆ ಗುಂಡಿನ ಮೈಮೇಲೆ ಎಳೆಯುವ ಗೀರು ಬೇರೆ ಬೇರೆ. ಅಮೆರಿಕದ ಕ್ಯಾಲ್ವಿನ್ ಗೊಡಾರ್ಡ್ ಮತ್ತವರ ಜೊತೆಗಾರರು 1925ರಲ್ಲಿ ಎರಡು ಗುಂಡುಗಳನ್ನು ಒಂದೇ ಕಣ್ಣೋಟಕ್ಕೆ ತರುವ ಸೂಕ್ಷ್ಮದರ್ಶಕವನ್ನು ಈ ಕೆಲಸಕ್ಕೆ ಪಳಗಿಸಿದರು. ನಮ್ಮ ನಾಡಿನ ಎರಡು ದುಃಖದ ಹತ್ಯೆ ಪ್ರಕರಣಗಳ ಕೊಂಡಿ ಸಿಕ್ಕಿದ್ದೂ ಹೀಗೆಯೇ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ವಿದ್ವಾಂಸ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್. ಎರಡೂ ಕಡೆ ಸಿಕ್ಕ ಗುಂಡು, ಕೊಳವೆಗಳನ್ನು ಹೋಲಿಸಿದ ವಿಧಿವಿಜ್ಞಾನ ಪ್ರಯೋಗಾಲಯ, ಬಳಕೆಯಾದದ್ದು ಒಂದೇ 7.65 ಮಿ.ಮೀ. ನಾಡ ಪಿಸ್ತೂಲು ಎಂದಿತು.

● ಗುಂಡಿನ ತೂಕವನ್ನು ಇಂದಿಗೂ ಗ್ರಾಂನಲ್ಲಿ ಹೇಳುವ ರೂಢಿ ಅಮೆರಿಕದಲ್ಲಿಲ್ಲ, ಗ್ರೇನ್ ಲೆಕ್ಕ. 7,000 ಗ್ರೇನ್ ಸೇರಿದರೆ ಒಂದು ಪೌಂಡ್. ಅಕ್ಕಸಾಲಿಗರ ಒಂದು ಗುಲಗಂಜಿ ಹೆಚ್ಚುಕಡಿಮೆ ಎರಡು ಗ್ರೇನ್ ತೂಗುತ್ತದೆ. .38 ಸ್ಪೆಷಲ್‌ನ 158 ಗ್ರೇನ್ ಗುಂಡು ಹತ್ತು ಗ್ರಾಂ ಚಿಲ್ಲರೆ.

● ರೇಂಜ್‌ನಲ್ಲಿ ಜೋರು ಸದ್ದಿಗಿಂತ ಭಯಪಡಬೇಕಾದದ್ದು ಮೆತ್ತನೆಯ ಸದ್ದಿಗೆ. ‘ಢಂ’ ಎನ್ನುವ ಬದಲು ‘ಠುಸ್’ ಎಂದರೆ ಗುಂಡು ನಳಿಗೆಯ ನಡುವೆಯೇ ಸಿಕ್ಕಿಕೊಂಡಿರಬಹುದು. ಆಗ ಇನ್ನೊಂದು ಹಾರಿಸಿದರೆ ನಳಿಗೆ ಸೀಳುತ್ತದೆ. ಸದ್ದೇ ಬಾರದಿದ್ದರೂ ತಕ್ಷಣ ತೆರೆಯುವಂತಿಲ್ಲ. ಕೆಲವು ತೋಟಾ ತಡವಾಗಿ ಸಿಡಿಯುತ್ತವೆ. ಮೂತಿ ಗುರಿಯ ಕಡೆಗೇ ಇಟ್ಟು ಕನಿಷ್ಠ ಅರ್ಧ ನಿಮಿಷ ಕಾಯಬೇಕು. ರಿವಾಲ್ವರ್‌ನಲ್ಲಿ ಆತುರಕ್ಕೆ ಕುದುರೆ ಮತ್ತೆ ಎಳೆದರೆ ಆ ತೋಟಾ ನಳಿಗೆಯ ದಾರಿ ಬಿಟ್ಟು ಪಕ್ಕಕ್ಕೆ ಸರಿದಿರುತ್ತದೆ. ಅಲ್ಲಿ ಸಿಡಿದರೆ ಗುಂಡಿಗೆ ಹೋಗಲು ದಾರಿಯೇ ಇಲ್ಲ.

● ಕಿವಿಗೆ ಮುಚ್ಚಿಗೆ ಇಲ್ಲದೆ ಹಾರಿಸುವುದು ಶೌರ್ಯವಲ್ಲ. ಒಂದೇ ಸದ್ದು 140 ಡೆಸಿಬಲ್ ದಾಟುತ್ತದೆ, ಹೋದ ಶ್ರವಣ ಮರಳುವುದಿಲ್ಲ. ಕ್ಯಾಪಿನ ಮಸಾಲೆಯಲ್ಲೂ ಸೀಸ ಇರುತ್ತದೆ. ಕೈ ತೊಳೆಯದೆ ತಿಂಡಿ ಮುಟ್ಟಬಾರದು.

● ಬ್ಯಾಗಿನ ಮೂಲೆಯಲ್ಲಿ ಮರೆತ ಒಂದೇ ಒಂದು ಜೀವಂತ ತೋಟಾ ವಿಮಾನ ನಿಲ್ದಾಣದ ಸ್ಕ್ಯಾನರ್‌ಗೆ ಸಿಕ್ಕರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಬೀಳಬಹುದು. ಗೊತ್ತಿದ್ದೂ ಇಟ್ಟುಕೊಂಡದ್ದೇ ಎಂಬುದನ್ನು ನ್ಯಾಯಾಲಯ ಆಮೇಲೆ ನೋಡುತ್ತದೆ; ವಿಮಾನ ಅಷ್ಟರಲ್ಲಿ ಹೋಗಿರುತ್ತದೆ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ತೋಟಾ ಸಿಕ್ಕರೆ ತಿಕ್ಕಿ ಹೊಳಪು ಕೊಡಲು ಹೋಗಬೇಡಿ. ಠಾಣೆಗೆ ತಿಳಿಸಿ.

● ಚುನಾವಣೆ ಘೋಷಣೆಯಾದ ಕೂಡಲೇ ಮಲೆನಾಡಿನ ತೋಟದ ಮನೆಗಳಿಗೆ ಬರುವ ಮೊದಲ ಸುದ್ದಿ ಅಭ್ಯರ್ಥಿಯದಲ್ಲ, ಕೋವಿ ಠೇವಣಿ ಇಡಿ ಎಂಬ ಠಾಣೆಯ ಸೂಚನೆ. ಮತ ಎಣಿಕೆ ಮುಗಿಯುವವರೆಗೆ ಕಾಡುಹಂದಿಗಳಿಗೆ ಹಬ್ಬ. ಕೊಡಗಿನ ಲೆಕ್ಕ ಮಾತ್ರ ಬೇರೆ. ಅಲ್ಲಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದಲೂ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು: ಊರಿಗೆ ಸುದ್ದಿ ಮುಟ್ಟಿಸುವ ಕ್ರಮ ಇದು. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಪೂಜೆ ಮುಗಿಸಿ ಮರದ ಮೇಲಿನ ತೆಂಗಿನಕಾಯಿಗೆ ಗುರಿಯಿಟ್ಟು ಸ್ಪರ್ಧೆ ನಡೆಯುತ್ತದೆ. ಕಾಯಿ ಒಡೆದವನಿಗೆ ಬಹುಮಾನವೂ ಉಂಟು, ಬಾಯಿತುಂಬ ಹೊಗಳಿಕೆಯೂ ಉಂಟು.

● 1906ರ ಅಥೆನ್ಸ್ ಕ್ರೀಡಾಕೂಟದಲ್ಲಿ ದ್ವಂದ್ವಯುದ್ಧದ ಪಿಸ್ತೂಲು ಸ್ಪರ್ಧೆಯೇ ಇತ್ತು. ಎದುರಾಳಿ? ಕೋಟು ತೊಡಿಸಿ ನಿಲ್ಲಿಸಿದ ಗೊಂಬೆ. 1908ರ ಲಂಡನ್ನಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಮೇಣದ ಗುಂಡು ತುಂಬಿ, ಮುಖಕ್ಕೆ ಮುಸುಕು ಹಾಕಿ, ಮನುಷ್ಯರೇ ಮನುಷ್ಯರತ್ತ ಹಾರಿಸುವ ಪ್ರದರ್ಶನ ನಡೆಯಿತು. ಅದರ ದೊಡ್ಡ ಉತ್ಸಾಹಿ ವಾಲ್ಟರ್ ವೈನಾನ್ಸ್, ತನ್ನ ಕಾಲದ ಹೆಸರಾಂತ ರಿವಾಲ್ವರ್ ಗುರಿಕಾರ. 1908ರಲ್ಲಿ ಓಡುವ ಜಿಂಕೆಯ ಗುರಿ ಹೊಡೆದು ಒಲಿಂಪಿಕ್ ಚಿನ್ನ ಗೆದ್ದ ಈತ 1912ರ ಸ್ಟಾಕ್‌ಹೋಮ್‌ನಲ್ಲಿ ಇನ್ನೊಂದು ಚಿನ್ನ ಗೆದ್ದ. ಈ ಸಲ ಬಂದೂಕಿಗಲ್ಲ, ಕುದುರೆಯ ಶಿಲ್ಪಕ್ಕೆ.